ಒಬ್ಬನೇ ಹೋದ ಹನ್ನೊಂದು ಜನ

ಮೆಲ್ಬರ್ನಿನಲ್ಲಿರುವ ನಾನು ವರ್ಷಕ್ಕೊಮ್ಮೆ ಎರಡು ರಾತ್ರಿಯ ಮಟ್ಟಿಗೆ ಸನ್ಯಾಸಿಯಾಗುತ್ತೇನೆ. ಗ್ರಾಂಪಿಯನ್ಸ್ ಬೆಟ್ಟಗಳ ಕಡೆ ಕಾರು ಬಿಟ್ಟುಕೊಂಡು ಹೋಗಿ, ಗುಡಾರ ಹೊಡೆದು, ಕಾಂಗರೂಗಳು ಹುಲ್ಲು ಮೇಯುವುದನ್ನು ನೋಡುತ್ತಾ ಕೂರುವುದು. ಅವೂ ನನ್ನನ್ನು ವಿಚಾರಿಸುವುದಿಲ್ಲ, ನಾನೂ ಅವನ್ನು ವಿಚಾರಿಸುವುದಿಲ್ಲ. ಅಲ್ಲಿಯ ಆಫೀಸಿನಲ್ಲಿ ಒಂದು ಫಾರಂ ಕೊಡುತ್ತಾರೆ. ಅದರಲ್ಲಿ ‘ಎಷ್ಟು ಜನ’ ಎಂಬ ಖಾನೆಗೆ ‘1’ ಎಂದು ತುಂಬುವಾಗಿನ ಸುಖ, ಮನೆಯಲ್ಲಿ ಇಬ್ಬರು ಮಕ್ಕಳು, ಒಂದು ಬೆಕ್ಕು, ಆರು ತಿಂಗಳ ವೀಸಾದಲ್ಲಿ ಬಂದ ಅತ್ತೆ-ಮಾವ ಇರುವವನಿಗಷ್ಟೇ ಗೊತ್ತು.

ಕಳೆದ ಡಿಸೆಂಬರಿನಲ್ಲಿ ಚಳ್ಳಕೆರೆಗೆ ಬಂದಾಗ ಈ ಸನ್ಯಾಸವನ್ನು ಹುಟ್ಟೂರಿನಲ್ಲೇ ಮಾಡಿಬಿಡೋಣ ಅನ್ನಿಸಿತು. ಚಿಕ್ಕಪ್ಪನ ಬೈಕು, ಮೆಲ್ಬರ್ನಿನಿಂದ ತಂದ ಕಿತ್ತಳೆ ಬಣ್ಣದ ಗುಡಾರ, ಮೊಳಕಾಲ್ಮೂರಿನವರೆಗೆ ದಾರಿ, ನಡುವೆ ಎರಡು ರಾತ್ರಿ.

“ಮನೆಯಾಗೆ ಮಂಚ ಇಲ್ವೇನೋ?” ಎಂದಳು ಅವ್ವ.

“ಇದೆ ಅವ್ವಾ. ಒಬ್ಬನೇ ಇರಬೇಕು ಅನ್ನಿಸ್ತು.”

“ಅಲ್ಲಿ ಒಬ್ಬನೇ ಇರಾಕೆ ಬ್ಯಾಸ್ರ ಆಗೇ ತಾನೆ ಇಲ್ಲಿಗೆ ಬಂದಿರಾದು?”

ಉತ್ತರ ಹೊಳೆಯಲಿಲ್ಲ. ಹೆಂಡತಿಗೆ ಫೋನು ಮಾಡಿದೆ. “ಎಲ್ಲಿ ಬೇಕಾದ್ರೂ ಮಲಗಿ, ಮೊಳಕಾಲ್ಮೂರು ಸೀರೆ ಇಲ್ದೆ ಮಾತ್ರ ಬರಬೇಡಿ” ಎಂದು ಅಪ್ಪಣೆಯಾಯಿತು.

ಸಂಜೆಯೊಳಗೆ ಬೀದಿಯಲ್ಲಿ ಮೂರು ಪಕ್ಷಗಳಾದವು. ಗಂಡ-ಹೆಂಡಿರಿಗೆ ಜಗಳ ಎಂಬುದು ಒಂದು ಪಕ್ಷ. ಕೆಲಸ ಹೋಗಿದೆ ಎಂಬುದು ಎರಡನೆಯದು. ಮೂರನೆಯವರು ಲೋಕ ಕಂಡವರು: ಜಮೀನು ನೋಡೋಕೆ ಹೊರಟಿದ್ದಾನೆ. ಅವರದೂ ತಪ್ಪಲ್ಲ. ಎಣ್ಣೆ ಗಿರಣಿಗಳಿಂದ ಎರಡನೇ ಬಾಂಬೆ ಅನ್ನಿಸಿಕೊಂಡಿದ್ದ ಊರಿದು. ಸುತ್ತಲ ಅಮೃತಮಹಲ್ ಕಾವಲುಗಳಿಗೆ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ ಬಂದ ಮೇಲೆ ಬಯಲಿನಲ್ಲಿ ಸುಮ್ಮನೆ ನಿಂತು ನೋಡುವವನನ್ನು ಯಾರೂ ಕವಿ ಎಂದು ತಿಳಿಯುವುದಿಲ್ಲ, ಬ್ರೋಕರ್ ಎಂದೇ ತಿಳಿಯುತ್ತಾರೆ.

ಮಾರನೆಯ ದಿನ ಬ್ರಹ್ಮಗಿರಿಯ ಆಸುಪಾಸಿನಲ್ಲಿ, ಶೇಂಗಾ ಕಿತ್ತ ಹೊಲವೊಂದರಲ್ಲಿ, ಯಾರನ್ನೂ ಕೇಳದೆ ಗುಡಾರ ಹೊಡೆದೆ. ಹದಿನೈದು ನಿಮಿಷ ನಾನು ಒಬ್ಬನೇ ಇದ್ದೆ. ಇಡೀ ಪ್ರವಾಸದಲ್ಲಿ ದಕ್ಕಿದ್ದು ಅಷ್ಟೇ.

ಮೊದಲು ಬಂದವನು ಹೊಲದ ಯಜಮಾನನ ಮಗ. 2019ರಲ್ಲಿ ಡಿಆರ್‌ಡಿಒದ ಪೈಲಟ್ ಇಲ್ಲದ ವಿಮಾನವೊಂದು ಜೋಡಿಚಿಕ್ಕೇನಹಳ್ಳಿಯ ಬಳಿ ಬಿದ್ದಿತ್ತಲ್ಲ, ಕಿತ್ತಳೆ ಗುಡಾರವನ್ನು ದೂರದಿಂದ ಕಂಡು ಅಂಥದ್ದೇ ಇನ್ನೊಂದು ಬಿತ್ತೆಂದು ಮೊಬೈಲ್ ಹಿಡಿದು ಓಡಿಬಂದಿದ್ದ. ಒಳಗಿನಿಂದ ಮನುಷ್ಯ ತೆವಳಿಕೊಂಡು ಬಂದದ್ದಕ್ಕೆ ಅವನಿಗೆ ಆದ ನಿರಾಸೆ ಅಷ್ಟಿಷ್ಟಲ್ಲ. ಹಿಂದೆಯೇ ಅವನ ಅಪ್ಪ, ಅಪ್ಪನ ಹಿಂದೆ ಅಣ್ಣತಮ್ಮಂದಿರು. ಆಮೇಲೆ ಪಕ್ಕದ ಹೊಲದಲ್ಲಿ ಮಂದೆ ಬಿಟ್ಟಿದ್ದ ಕುರಿಗಾಹಿ ಅಜ್ಜ.

“ಏನ್ ಸಾಮಿ, ಮನೆಯಾಗೆ ಜಗಳಾನ?”

“ಇಲ್ಲಜ್ಜ, ಸುಮ್ನೆ. ಖುಷಿಗೆ.”

ಅಜ್ಜ ಗುಡಾರದ ಸುತ್ತ ಒಂದು ಪ್ರದಕ್ಷಿಣೆ ಬಂದ. ನೀರು ಇಳಿಯದ ಬಟ್ಟೆ, ಮಡಚುವ ಕಡ್ಡಿ, ಎರಡು ಕಡೆ ಜಿಪ್ಪು ಎಲ್ಲವನ್ನೂ ಮುಟ್ಟಿ ನೋಡಿದ. ಬೆಲೆ ಕೇಳಿದ. ಹೇಳಿದೆ. ತುಸು ಹೊತ್ತು ಮಾತೇ ಆಡಲಿಲ್ಲ. ಅವನ ಗುಡಾರ ಅವನ ಹೆಗಲ ಮೇಲಿತ್ತು: ಒಂದು ಕರಿ ಕಂಬಳಿ. ಮಳೆ ಬಂದರೆ ಕೊಪ್ಪೆ, ಬಿಸಿಲಾದರೆ ನೆರಳು, ರಾತ್ರಿ ಹಾಸಿಗೆ, ಚಳಿಗೆ ಹೊದಿಕೆ. ವರ್ಷದಲ್ಲಿ ಎಷ್ಟೋ ತಿಂಗಳು ಹೊಲದಿಂದ ಹೊಲಕ್ಕೆ ಮಂದೆ ಹೊಡೆದುಕೊಂಡು ಬಯಲಲ್ಲೇ ಮಲಗುವವನು. ಮಲಗಿದ್ದಕ್ಕೆ, ಅಂದರೆ ಕುರಿಗಳ ಗೊಬ್ಬರ ಹೊಲಕ್ಕೆ ಬಿದ್ದದ್ದಕ್ಕೆ, ರೈತರೇ ಅವನಿಗೆ ಕಾಳೋ ಕಾಸೋ ಕೊಡುತ್ತಾರೆ. ನಾನೋ, ಬಯಲಲ್ಲಿ ಮಲಗುವುದಕ್ಕೆ ಬಾಡಿಗೆ ಕಟ್ಟುವವನು.

“ಅಲ್ಲಿ ದುಡ್ಡು ನೀವೇ ಕೊಡ್ತೀರಾ?” ಎಂದು ಎರಡು ಸಲ ಕೇಳಿದ. ಹೌದೆಂದು ಗೊತ್ತಾದ ಮೇಲೆ ನನ್ನ ಮೇಲೆ ಅವನಿಗೆ ಕರುಣೆ ಹುಟ್ಟಿತು. ಬೆಂಕಿ ಹಚ್ಚಿ ಶೇಂಗಾ ಸುಡುವುದಕ್ಕೆ ಕೂತ.

ಅಷ್ಟರಲ್ಲಿ ಹುಡುಗ ತೆಗೆದ ಫೋಟೊ ಯಾವ್ಯಾವುದೋ ಗುಂಪಿಗೆ ಹೋಗಿ, ಅಲ್ಲಿಂದ ಚಳ್ಳಕೆರೆ ತಲುಪಿ, ಅವ್ವನ ಫೋನಿಗೂ ಬಂದಿತ್ತು. ಎಂಟು ಗಂಟೆಗೆ ಜೀಪೊಂದು ಬಂದು ನಿಂತಿತು. ಚಿಕ್ಕಪ್ಪ, ಚಿಕ್ಕಮ್ಮ, ಅವರ ಅಳಿಯ, ಚಿಕ್ಕಪ್ಪನ ಗೆಳೆಯರಾದ ನಿವೃತ್ತ ಮೇಷ್ಟ್ರು, ಅವ್ವ ಕಟ್ಟಿಕೊಟ್ಟ ರೊಟ್ಟಿ ಬುತ್ತಿ. “ಒಬ್ನೇ ಇರ್ಬೇಕು ಅಂದ್ಯಂತೆ, ಅದಕ್ಕೇ ನಾವೂ ಬಂದ್ವಿ” ಎಂದ ಚಿಕ್ಕಪ್ಪ. ಎಣಿಸಿದೆ. ನನ್ನನ್ನೂ ಸೇರಿಸಿ ಹನ್ನೊಂದು.

ಬೆಳಗ್ಗೆ ಹನ್ನೊಂದು ಜನರೂ ಬ್ರಹ್ಮಗಿರಿಯ ಅಶೋಕನ ಶಾಸನ ನೋಡಲು ಹೊರಟೆವು. 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಹಚ್ಚಿದ್ದು. ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳೂ ಇಲ್ಲೇ ಹತ್ತಿರ. ಮೇಷ್ಟ್ರು ಬಂಡೆಯ ಮುಂದೆ ನಿಂತದ್ದೇ ತರಗತಿ ಶುರುವಾಯಿತು. “ಇದರಾಗೆ 256 ಅಂತ ಒಂದು ಸಂಖ್ಯೆ ಐತೆ. ಪ್ರವಾಸದಲ್ಲಿ 256 ರಾತ್ರಿ ಕಳೆದ ಮೇಲೆ ಹೊರಡಿಸಿದ್ದು ಅಂತ ವಿದ್ವಾಂಸರು ಅರ್ಥ ಮಾಡ್ತಾರೆ.”

ನನ್ನ ಕಿವಿ ನೆಟ್ಟಗಾಯಿತು. 256 ರಾತ್ರಿ! ನನಗೆ ಎರಡಕ್ಕೇ ಇಷ್ಟು ವಿಚಾರಣೆ. ಅಷ್ಟು ದಿನ ಹೊರಗಿದ್ದ ಚಕ್ರವರ್ತಿಯ ಸಂದೇಶ ಏನೆಂದು ಕೇಳಿದೆ.

“ಮೊದಲು ಇಸಿಲದ, ಅಂದ್ರೆ ಆಗ ಇಲ್ಲಿದ್ದ ಊರಿನ, ಅಧಿಕಾರಿಗಳ ಆರೋಗ್ಯ ವಿಚಾರಿಸ್ತಾರೆ. ಕೊನೆಗೆ, ತಂದೆ-ತಾಯಿ ಮಾತು ಕೇಳಬೇಕು, ಸತ್ಯ ಹೇಳಬೇಕು, ಗುರುಗಳನ್ನ ಗೌರವಿಸಬೇಕು, ನೆಂಟರಿಷ್ಟರ ಜೊತೆ ಸರಿಯಾಗಿ ನಡ್ಕೋಬೇಕು ಅಂತ.”

ಇದು ಅವ್ವನ ಭಾನುವಾರದ ಫೋನು. ಅದೇ ಕ್ರಮ, ಅದೇ ವಿಷಯ. 256 ರಾತ್ರಿ ಹೊರಗಿದ್ದವನಿಗೂ ಮನೆಯಿಂದ ಯಾರೋ ಹೇಳಿಕಳಿಸಿರಬೇಕು ಎಂಬ ಗುಮಾನಿ ನನಗೆ ಇವತ್ತಿಗೂ ಇದೆ. “ಕೇಳಿದ್ಯಾ? ಬಂಡೆ ಮೇಲೇ ಬರ್ದವ್ರೆ” ಎಂದು ಚಿಕ್ಕಮ್ಮ ನನ್ನ ಕಡೆ ತಿರುಗಿದರು.

“ಬರೆದವನ ಹೆಸರು ಚಪಡ” ಎಂದರು ಮೇಷ್ಟ್ರು. “ಶಾಸನ ಪೂರ್ತಿ ಬ್ರಾಹ್ಮಿ. ‘ಲಿಪಿಕಾರ’ ಅನ್ನೋ ಒಂದು ಪದ ಮಾತ್ರ ಖರೋಷ್ಠಿ. ಅದು ವಾಯವ್ಯದ ಗಾಂಧಾರದ ಕಡೆ ಲಿಪಿ, ಬಲದಿಂದ ಎಡಕ್ಕೆ ಓದೋದು. ಆ ಕಡೆಯಿಂದ ಬಂದವನಿರಬೇಕು.”

ನಾನು ಬಂಡೆಯ ಹತ್ತಿರ ಬಗ್ಗಿದೆ. ದಿನವಿಡೀ ಆಫೀಸಿನ ಲಿಪಿಯಲ್ಲಿ ಆಫೀಸಿನ ವಿಷಯ ಕೆತ್ತಿ, ಕಡೆಗೆ ಒಂದೇ ಒಂದು ಪದವನ್ನು ತನ್ನ ಊರಿನ ಅಕ್ಷರದಲ್ಲಿ ಹಾಕಿ ಎದ್ದುಹೋದ ಮನುಷ್ಯ. ಅವನಿಗೂ ಒಂದು ಸಂಘವಿತ್ತೋ, ರಾಜ್ಯೋತ್ಸವಕ್ಕೆ ಚಂದಾ ಎತ್ತುತ್ತಿದ್ದರೋ.

ಮೊಳಕಾಲ್ಮೂರಿನಲ್ಲಿ ಸೀರೆ ಆರಿಸಲು ಹತ್ತು ಜನ ಸಲಹೆಗಾರರಿದ್ದರು. ನೇಕಾರರು ಒಂದೊಂದೇ ಬಿಡಿಸಿ ಹಾಸಿದರು. ಅಂಚಿನಲ್ಲಿ ನವಿಲಿರಬೇಕೆಂದು ಚಿಕ್ಕಮ್ಮ, ಬಣ್ಣ ಗಾಢವಾಗಿರಬೇಕೆಂದು ಅಳಿಯ. ಕುರಿಗಾಹಿ ಅಜ್ಜ ರೇಷ್ಮೆಯನ್ನು ಬೆರಳಲ್ಲಿ ಉಜ್ಜಿ, “ಚಳಿ ತಡೆಯಾಕಿಲ್ಲ” ಎಂದು ತಳ್ಳಿಹಾಕಿದ. ಒಂದಕ್ಕೆ ಹೋದವನು ಮೂರು ತಂದೆ. ಅಜ್ಜನ ಮಾತಿಗೆ ಬೆಲೆ ಕೊಟ್ಟು, ಚಳ್ಳಕೆರೆಯಲ್ಲಿ ಒಂದು ಕಂಬಳಿಯನ್ನೂ ಕೊಂಡೆ.

ಈಸ್ಟರ್ ರಜೆಗೆ ಮತ್ತೆ ಗ್ರಾಂಪಿಯನ್ಸ್‌ಗೆ ಹೋದೆ. ಫಾರಮ್ಮನ್ನೆಲ್ಲ ಇಂಗ್ಲಿಷಿನಲ್ಲಿ ತುಂಬಿ, ಕೆಳಗೆ ಕನ್ನಡದಲ್ಲಿ ರುಜು ಹಾಕಿದೆ. ಕಿಟಕಿಯಾಚೆಯ ಹುಡುಗಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಒಳಗಿಟ್ಟಳು. ‘ಎಷ್ಟು ಜನ’ಕ್ಕೆ ‘1’.

ಸಂಜೆ ಕಂಬಳಿ ಹೊದ್ದು ಕೂತಿದ್ದಾಗ ಫೋನು ಹೊಡೆದುಕೊಂಡಿತು. ಅವ್ವ. “ಆರೋಗ್ಯನೇನಪ್ಪಾ?” ಅವಳ ಹಿಂದೆ ಚಿಕ್ಕಪ್ಪ, ಚಿಕ್ಕಮ್ಮ, ಮೇಷ್ಟ್ರು; ಸಂತೆಗೆ ಬಂದು ಚಾ ಕುಡಿಯುತ್ತಿದ್ದ ಅಜ್ಜನೂ ಇದ್ದ. ಫೋನು ಕೈಯಿಂದ ಕೈಗೆ ದಾಟಿತು. ಅಜ್ಜನಿಗೆ ಕಾಂಗರೂ ತೋರಿಸಿದೆ. ಬಹಳ ಹೊತ್ತು ನೋಡಿದ.

“ಮಂದೆ ಚೆನ್ನಾಗೈತೆ. ಕಾಯೋನು ಎಲ್ಲಿ ಹೋದ?”