ಜೂನ್ 5ರ ಮುಖ್ಯ ಅತಿಥಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನೀವು ಜನಪ್ರತಿನಿಧಿ ಇರಬಹುದು, ಅಧಿಕಾರಿ ಇರಬಹುದು, ಸಂಘವೊಂದರ ಪದಾಧಿಕಾರಿಯೂ ಇರಬಹುದು. ವಿಶ್ವ ಪರಿಸರ ದಿನಕ್ಕೆ ಯಾವುದಾದರೊಂದು ಶಾಲೆಗೆ ಬಂದು ಸಸಿ ನೆಡುತ್ತೀರಿ. ಪರಿಸರ ಉಳಿಸುವ ಹೊಣೆ ನಿಮ್ಮ ಮೇಲಿದೆ ಎಂದು ಮಕ್ಕಳಿಗೆ ಹೇಳಿ ಹೋಗುತ್ತೀರಿ. ಬಯಲುಸೀಮೆಯ ಸರ್ಕಾರಿ ಶಾಲೆಯೊಂದರಲ್ಲಿ ಪಾಠ ಮಾಡುವ ನಾನು ಆ ಹೊಣೆಯ ಮಾತಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಮಕ್ಕಳಿಗೆ ಭಾಷಣ ಕಿವಿಗೆ ಬೀಳುವುದು ಅಷ್ಟಕ್ಕಷ್ಟೆ. ಅವರ ಕಣ್ಣೆಲ್ಲ ನಿಮ್ಮ ಕೈ ಮೇಲಿರುತ್ತದೆ. ನಮ್ಮಲ್ಲಿ ಒಮ್ಮೆ ಏಳನೇ ತರಗತಿಯ ಹುಡುಗರು ಗುಂಡಿ ತೆಗೆದಿಟ್ಟಿದ್ದರು. ಬಂದವರು ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ ಹೊಂಗೆ ಸಸಿಯನ್ನು ಗುಂಡಿಗಿಳಿಸಿ, ಫೋಟೊ ತೆಗೆಸಿಕೊಂಡು, ಕೈ ತೊಳೆದು ಹೊರಟರು. ಚೀಲದೊಳಗೆ ಬೇರು ಸುತ್ತಿಕೊಂಡು ಸಸಿ ಏಳುವುದಿಲ್ಲವೆಂದು ಹೊಲ-ತೋಟದ ಮನೆಯ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಸಂಜೆ ಐದನೇ ತರಗತಿಯ ಹುಡುಗಿಯೊಬ್ಬಳು ಆ ಸಸಿಯನ್ನು ಮೆಲ್ಲಗೆ ಮೇಲೆತ್ತಿ, ಬ್ಲೇಡಿನಿಂದ ಚೀಲ ಸೀಳಿ, ಬೇರಿನ ಮಣ್ಣು ಉದುರದಂತೆ ಎರಡೂ ಕೈಯಲ್ಲಿ ಹಿಡಿದು ಮತ್ತೆ ನೆಟ್ಟಳು. ಯಾರೂ ಹೇಳಿರಲಿಲ್ಲ. ಅವಳಿಗೆ ವೇದಿಕೆ ಮೇಲಿಂದ ಹೊಣೆಗಾರಿಕೆ ಕಲಿಸುವುದು ಏನು ಉಳಿದಿತ್ತು?

ಸಸಿಗೆ ನಿಜವಾದ ಕಷ್ಟಕಾಲ ಏಪ್ರಿಲ್, ಮೇ. ಬೇಸಿಗೆ ರಜೆ, ಗೇಟಿಗೆ ಬೀಗ, ಕಾಂಪೌಂಡ್ ಕುಸಿದ ಕಡೆಯಿಂದ ಮೇಕೆಗಳು ಒಳಗೆ. ಕೊಳವೆಬಾವಿಯ ನೀರು ಊರಿಗೇ ಸಾಲದಿರುವಾಗ ಸಸಿಯನ್ನು ಕೇಳುವವರಾರು? ಹೊಂಗೆ, ಬೇವು ಮೊದಲ ಎರಡು-ಮೂರು ಬೇಸಿಗೆ ದಾಟಿದರೆ ಆಮೇಲೆ ತಮ್ಮ ಪಾಡು ತಾವು ನೋಡಿಕೊಳ್ಳುತ್ತವೆ. ದಾಟಿಸುವವರಿಲ್ಲದೆ ಒಣಗುತ್ತವೆ. ಜೂನ್‌ನಲ್ಲಿ ಅದೇ ಗುಂಡಿ ಮತ್ತೆ ಸಿದ್ಧವಾಗುತ್ತದೆ. ಅದನ್ನು ಅಗೆಯುವ ಮಗು ಅಲ್ಲಿ ಏನು ಕಲಿಯುತ್ತದೆಂದು ನೀವೇ ಯೋಚಿಸಿ.

ಭಾಷಣದಲ್ಲಿ ಸಾಲುಮರದ ತಿಮ್ಮಕ್ಕನವರ ಹೆಸರನ್ನು ತಪ್ಪದೆ ಹೇಳುತ್ತೀರಿ. ಎಷ್ಟು ಆಲದ ಮರ ಬೆಳೆಸಿದರೆಂಬ ಲೆಕ್ಕ ಮಕ್ಕಳಿಗೆ ಬಾಯಿಪಾಠವಾಗಿದೆ. ಮಾಗಡಿ ತಾಲೂಕಿನ ಹುಲಿಕಲ್‌ನಿಂದ ಕುದೂರಿನವರೆಗಿನ ಆ ಹಾದಿಯಲ್ಲಿ ಗಂಡ-ಹೆಂಡತಿ ಕೊಡಗಳಲ್ಲಿ ನೀರು ಹೊತ್ತದ್ದನ್ನು, ದನಕರು ಬಾಯಿ ಹಾಕದಂತೆ ಮುಳ್ಳು ಕಟ್ಟಿದ್ದನ್ನು ಇನ್ನಷ್ಟು ಬಿಡಿಸಿ ಹೇಳಿ. ನೆಡುವುದು ಒಂದು ಗಳಿಗೆಯ ಕೆಲಸ. ನೀರು ಹೊರುವುದಕ್ಕೆ ವರ್ಷಗಳು ಬೇಕು.

ಸಂವಿಧಾನದ 51ಎ ವಿಧಿ 1976ರ ತಿದ್ದುಪಡಿಯಲ್ಲಿ ಬಂತು. ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎಂದು ಅದರಲ್ಲಿದೆ. ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಶಾಲಾ-ಕಾಲೇಜುಗಳಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದಿತು. ಅಂದಿನಿಂದ ಮಕ್ಕಳು ಈ ಕರ್ತವ್ಯವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಿದ್ದಾರೆ. ಪರೀಕ್ಷೆ ಇಲ್ಲದ ನಾಗರಿಕರು, ಅಂದರೆ ನೀವು ಮತ್ತು ನಾನು, ಊರ ಕೆರೆಗೆ ಚರಂಡಿ ಸೇರುವುದನ್ನು ನೋಡುತ್ತ ಕೂತಿದ್ದೇವೆ.

ಕಸದ ವಿಚಾರವೂ ಹೀಗೇ. ತರಗತಿಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿಸುತ್ತೇವೆ, ಮಕ್ಕಳು ಶ್ರದ್ಧೆಯಿಂದ ಮಾಡುತ್ತಾರೆ. ಪಂಚಾಯಿತಿಯ ಸ್ವಚ್ಛ ವಾಹಿನಿ ಬಾರದ ವಾರ ಎರಡನ್ನೂ ಸೇರಿಸಿ ಶಾಲೆಯ ಹಿಂದೆ ಸುಡುವುದನ್ನೂ ಆ ಮಕ್ಕಳೇ ನೋಡುತ್ತಾರೆ. ಅವರು ಕಿಟಕಿಯಿಂದ ಆ ಹೊಗೆ ನೋಡುವಾಗ ನನಗೆ ಪಾಠ ಮುಂದುವರಿಸಲು ಆಗುವುದಿಲ್ಲ.

ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಹೊಣೆ ಕಲಿಸುವ ಹೆಸರಲ್ಲಿ ಜಾತಿ ನೋಡಿ ಕೆಲವೇ ಮಕ್ಕಳ ಕೈಗೆ ಶೌಚಾಲಯದ ಪೊರಕೆ ಕೊಡುವುದು ಶಿಕ್ಷಣವಲ್ಲ, ಜಾತಿಯ ಕ್ರೌರ್ಯ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲಗುಂಡಿಗೆ ಇಳಿಸಿದ್ದನ್ನು ಈ ನಾಡು ಮರೆಯಬಾರದು. ಶ್ರಮದಾನವೆಂದರೆ ಹೆಡ್‌ಮಾಸ್ತರರೂ ಅತಿಥಿಗಳೂ ಎಲ್ಲ ಮಕ್ಕಳ ಜೊತೆ ಸೊಂಟ ಬಗ್ಗಿಸಬೇಕು.

ಆದ್ದರಿಂದ ನನ್ನ ಬಿನ್ನಹ ಇಷ್ಟೆ. ಈ ಸಲ ಹೊಸ ಸಸಿ ತರಬೇಡಿ. ಹೋದ ವರ್ಷ ನೆಟ್ಟದ್ದರಲ್ಲಿ ಉಳಿದಿರುವುದು ಯಾವುದೆಂದು ಮಕ್ಕಳನ್ನೇ ಕೇಳಿ. ಬೇಲಿಗೆ, ರಜೆಯ ದಿನಗಳಲ್ಲಿ ನೀರು ಹಾಕುವವರ ಕೂಲಿಗೆ ಪಂಚಾಯಿತಿಯಿಂದ ಹಣ ಕೊಡಿಸಿ. ಕಸದ ಗಾಡಿ ವಾರಕ್ಕೊಮ್ಮೆಯಾದರೂ ತಪ್ಪದೆ ಶಾಲೆಗೆ ಬರುವಂತೆ ಮಾಡಿ. ಇವು ಮೂರೂ ನಿಮ್ಮ ಕೈಯಲ್ಲಿರುವ ಕೆಲಸಗಳು, ಮಕ್ಕಳ ಕೈಯಲ್ಲಿರುವುದಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಶಾಲಾ ಶಿಕ್ಷಕಿ