ಕಂದುಕ ಖಂಡನ ಮೀಮಾಂಸೆ: ರಗ್ಬಿ–ಫುಟ್ಬಾಲ್ ವ್ಯಾಜ್ಯಕ್ಕೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ತೀರ್ಪು

ರಗ್ಬಿ ಮೇಲೋ ಫುಟ್ಬಾಲ್ ಮೇಲೋ ಎಂಬ ವ್ಯಾಜ್ಯ ನೂರ ಅರವತ್ತು ವರ್ಷಗಳಿಂದ ಇತ್ಯರ್ಥವಾಗದೆ ಬಿದ್ದಿದೆ. ಮಂಡ್ಯ ಜಿಲ್ಲೆಯ ಜನಕ್ಕೆ ಇದೇನೂ ದೊಡ್ಡ ಅವಧಿಯಲ್ಲ. 1924ರ ಕಾವೇರಿ ಒಪ್ಪಂದದಿಂದ ಹಿಡಿದು 2018ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಕಾದು ಕೂತವರು ಅವರು. ಆದರೆ ಅಲ್ಲಿ ಜಗಳ ನೀರಿಗೆ, ಇಲ್ಲಿ ಗಾಳಿಗೆ, ಅದೂ ತೊಗಲಿನ ಚೀಲದೊಳಗೆ ತುಂಬಿ ಬಾಯಿ ಕಟ್ಟಿದ ಗಾಳಿಗೆ. ಆಡುವುದಕ್ಕೆ ಯಾವುದು ಲೇಸು, ನೋಡುವುದಕ್ಕೆ ಯಾವುದು ಲೇಸು ಎಂದು ಉಭಯ ಪಕ್ಷದ ಪಂಡಿತರೂ ಕೇಳುತ್ತಾ ಬಂದಿದ್ದಾರೆಯೇ ಹೊರತು ಈ ಜಗಳಕ್ಕೆ ಮೂಲ ಯಾವುದು ಎಂದು ಕೇಳಿದವರಿಲ್ಲ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೇ: ಜಗಳಕ್ಕೆ ಮೂಲ ಚೆಂಡು. ಚೆಂಡನ್ನು ಅಂಗಳದಿಂದ ಎತ್ತಿಬಿಟ್ಟರೆ ಎರಡೂ ಆಟಗಳ ಸಾರ ಮಾತ್ರ ಉಳಿಯುತ್ತದೆ. ಆ ಸಾರಕ್ಕೆ ಕಬಡ್ಡಿ ಎಂದು ಹೆಸರು. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಊರಹಬ್ಬಗಳಲ್ಲಿ ಈ ತೀರ್ಪು ಯಾವತ್ತೋ ಜಾರಿಗೆ ಬಂದಾಗಿದೆ. ಕ್ರಿಕೆಟ್ಟಿನ ವಿಚಾರ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ನಮ್ಮಲ್ಲಿ ಅದು ಆಟವಲ್ಲ, ಹವಾಮಾನ.

ಮೊದಲು ಇತಿಹಾಸ ಪ್ರಮಾಣ. 1863ರ ಅಕ್ಟೋಬರಿನಲ್ಲಿ ಲಂಡನ್ನಿನ ಒಂದು ಪಾನಗೃಹದಲ್ಲಿ ಹಲವು ಕ್ಲಬ್ಬುಗಳ ಮಹನೀಯರು ಸೇರಿ ಫುಟ್ಬಾಲ್ ಅಸೋಸಿಯೇಷನ್ ಕಟ್ಟಿದರು. ಡಿಸೆಂಬರ್ ಹೊತ್ತಿಗೆ ಜಗಳ ಹತ್ತಿತು. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದೇ ಎಂಬುದು ಒಂದು ಪ್ರಶ್ನೆ, ಹಾಗೆ ಓಡುವವನ ಕಣಕಾಲಿಗೆ ಒದೆಯಬಹುದೇ ಎಂಬುದು ಇನ್ನೊಂದು. ಎರಡೂ ಕೂಡದು ಎಂದು ಬಹುಮತವಾದಾಗ ಬ್ಲ್ಯಾಕ್‌ಹೀತ್ ಕ್ಲಬ್ಬಿನವರು, ಒದೆಯುವುದನ್ನೇ ತೆಗೆದರೆ ಆಟದಲ್ಲಿ ಗಂಡಸುತನ ಏನುಳಿಯಿತು ಎಂದು ಮುನಿಸಿಕೊಂಡು ಎದ್ದು ಹೋದರು. ಮಂಡ್ಯದ ಕಡೆಯ ಯಾವ ಪಂಚಾಯ್ತಿಯಲ್ಲಾದರೂ ಇಂಥವರನ್ನು ಸಂಜೆಯೊಳಗೆ ಯಾರಾದರೂ ಹೋಗಿ ಕರೆತರುತ್ತಿದ್ದರು. ಲಂಡನ್ನಿನಲ್ಲಿ ಆ ಪದ್ಧತಿಯಿರಲಿಲ್ಲ. 1871ರಲ್ಲಿ ರಗ್ಬಿಯವರು ತಮ್ಮದೇ ಯೂನಿಯನ್ ಮಾಡಿಕೊಂಡರು. ಮಾಡಿಕೊಂಡವರು ತಮ್ಮ ಮೊದಲ ನಿಯಮಾವಳಿಯಲ್ಲಿ ಮಾಡಿದ್ದೇನು? ಕಣಕಾಲಿಗೆ ಒದೆಯುವುದನ್ನು ತಾವೇ ನಿಷೇಧಿಸಿದರು. ಯಾವ ಹಕ್ಕಿಗಾಗಿ ಮನೆ ಪಾಲಾಯಿತೋ ಆ ಹಕ್ಕನ್ನು ಎಂಟು ವರ್ಷದಲ್ಲಿ ಇಬ್ಬರೂ ಬಿಟ್ಟುಕೊಟ್ಟಿದ್ದರು. ಮಿಕ್ಕಿದ್ದು ಚೆಂಡೊಂದೇ. ಆ ಒಂದರ ದೆಸೆಯಿಂದ ಅಣ್ಣತಮ್ಮಂದಿರು ಇವತ್ತಿಗೂ ಬೇರೆ ಬೇರೆ ಒಲೆ ಹಚ್ಚುತ್ತಿದ್ದಾರೆ.

ಚೆಂಡಿನ ಚಟ ಎಂಥದೆಂಬುದಕ್ಕೆ ಭಾರತದ ನೆಲದಿಂದಲೇ ಇನ್ನೊಂದು ಸಾಕ್ಷಿಯುಂಟು. 1870ರ ದಶಕದಲ್ಲಿ ಕಲ್ಕತ್ತೆಯ ಇಂಗ್ಲಿಷರು ರಗ್ಬಿ ಕ್ಲಬ್ಬೊಂದನ್ನು ಕಟ್ಟಿದರು. ಬಿಟ್ಟಿ ಬಾರ್ ನಿಂತಮೇಲೆ ಸದಸ್ಯರು ತೆಳುವಾದರೆಂದು ರಗ್ಬಿ ಇತಿಹಾಸಕಾರರೇ ಹೇಳುತ್ತಾರೆ. ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿದ್ದ ದುಡ್ಡನ್ನು ಬೆಳ್ಳಿ ರೂಪಾಯಿಗಳಲ್ಲೇ ಬಿಡಿಸಿಕೊಂಡು, ಕರಗಿಸಿ, ಮೂರು ನಾಗರಹಾವಿನ ಹಿಡಿ, ಮುಚ್ಚಳದ ಮೇಲೊಂದು ಆನೆ ಇರುವ ಬಟ್ಟಲು ಮಾಡಿಸಿ ಇಂಗ್ಲೆಂಡಿಗೆ ಕಳಿಸಿದರು. 1879ರಿಂದ ಇಂಗ್ಲೆಂಡೂ ಸ್ಕಾಟ್ಲೆಂಡೂ ಅದಕ್ಕಾಗಿ ಸೆಣಸುತ್ತಿವೆ. 1988ರಲ್ಲಿ ಪಂದ್ಯ ಮುಗಿದ ರಾತ್ರಿ ಎರಡೂ ತಂಡದ ತಲಾ ಒಬ್ಬ ಆಟಗಾರರು ಸೇರಿಕೊಂಡು ಆ ಬಟ್ಟಲನ್ನೇ ಚೆಂಡು ಮಾಡಿಕೊಂಡು ಎಡಿನ್‌ಬರೋದ ಬೀದಿಯಲ್ಲಿ ಆಡಿ ನೆಗ್ಗಿಸಿದರು. ಎಂಬತ್ತು ನಿಮಿಷ ಆಡಿದ್ದು ಸಾಲದೆ ಬಹುಮಾನವನ್ನೂ ಚೆಂಡೆಂದು ಕಾಣುವ ಈ ದೃಷ್ಟಿದೋಷಕ್ಕೆ ಆಯುರ್ವೇದದಲ್ಲಿ ಏನು ಹೆಸರಿದೆಯೋ ಪರಿಶೀಲಿಸಬೇಕು.

ಎರಡನೆಯದು ಗಣಿತ ಪ್ರಮಾಣ. ಫುಟ್ಬಾಲಿನಲ್ಲಿ ಇಪ್ಪತ್ತೆರಡು ಜನ, 90 ನಿಮಿಷ, ಒಂದು ಚೆಂಡು. ಚೆಂಡು ಒಂದು ಕ್ಷಣವೂ ಬಿಡುವಿಲ್ಲದೆ ಯಾರಾದರೊಬ್ಬರ ಕಾಲಲ್ಲೇ ಇತ್ತೆಂದು ಉದಾರವಾಗಿ ಲೆಕ್ಕ ಹಾಕಿದರೂ ತಲೆಗೆ ಬರುವುದು ನಾಲ್ಕು ನಿಮಿಷ ಐದು ಸೆಕೆಂಡು. ಮಿಕ್ಕ ಸುಮಾರು ಎಂಬತ್ತಾರು ನಿಮಿಷ ಒಬ್ಬೊಬ್ಬನೂ ಚೆಂಡಿಲ್ಲದೆ ಓಡುತ್ತಾನೆ. ರಗ್ಬಿಯಲ್ಲಿ ಮೂವತ್ತು ಜನ, 80 ನಿಮಿಷ. ತಲೆಗೆ ಎರಡು ನಿಮಿಷ ನಲವತ್ತು ಸೆಕೆಂಡು. ಅಂದರೆ ಎರಡೂ ಆಟಗಳು ಬಹುಪಾಲು ಹೊತ್ತು ಚೆಂಡಿಲ್ಲದೆಯೇ ನಡೆಯುತ್ತವೆ; ಅದನ್ನು ಒಪ್ಪಿಕೊಳ್ಳುವ ಧೈರ್ಯ ಮಾತ್ರ ಆ ಆಟಗಳಿಗಿಲ್ಲ. ಕಬಡ್ಡಿಯಲ್ಲಿ ಯಾರಿಗೂ ಚೆಂಡು ಸಿಕ್ಕುವುದಿಲ್ಲವಾದ್ದರಿಂದ ಯಾರಿಗೂ ಅನ್ಯಾಯವಾಗಿಲ್ಲ. ಸಮಾನತೆಯನ್ನು ಇಷ್ಟು ಸುಲಭದಲ್ಲಿ ಸಾಧಿಸಿದ ವ್ಯವಸ್ಥೆ ರಾಜ್ಯಶಾಸ್ತ್ರದಲ್ಲೂ ಅಪರೂಪ.

ಮೂರನೆಯದು ಕಂದಾಯ ಪ್ರಮಾಣ. ಕಬ್ಬು, ಭತ್ತದ ಸೀಮೆಯಲ್ಲಿ ಇದೇ ಪ್ರಬಲವಾದದ್ದು. ಅಂತರರಾಷ್ಟ್ರೀಯ ಫುಟ್ಬಾಲ್ ಅಂಗಳ 105 ಮೀಟರ್ ಉದ್ದ, 68 ಮೀಟರ್ ಅಗಲ. ಗುಂಟೆಗೆ ಇಳಿಸಿದರೆ ಎಪ್ಪತ್ತು ಗುಂಟೆ ಚಿಲ್ಲರೆ, ಅಂದರೆ ಒಂದು ಎಕರೆ ಮೂವತ್ತು ಗುಂಟೆ. ರಗ್ಬಿಗೆ ಎರಡೂ ತುದಿಯ ಅಂಕ ಗಳಿಸುವ ಜಾಗ ಸೇರಿಸಿದರೆ ಎರಡು ಎಕರೆಯ ಆಸುಪಾಸು. ಕಬಡ್ಡಿಯ ಅಂಕಣ 13 ಮೀಟರ್‌ಗೆ 10 ಮೀಟರ್: ಒಂದೂಕಾಲು ಗುಂಟೆ. ಅಣ್ಣತಮ್ಮಂದಿರು ಅರ್ಧ ಗುಂಟೆಗೆ ಸರ್ವೇಯರನ್ನು ಕರೆಸುವ ಊರಿನಲ್ಲಿ, ಎರಡು ಎಕರೆ ನೀರಾವರಿ ಜಮೀನನ್ನು ಗಾಳಿ ತುಂಬಿದ ಚೀಲವೊಂದು ಹೊರಳಾಡಲೆಂದು ಖಾಲಿ ಬಿಡಿ ಎಂದು ಕೇಳಲು ಯಾವ ಕ್ರೀಡಾಭಿಮಾನಿಗೆ ಬಾಯಿ ಬಂದೀತು? ಬಿಟ್ಟರೆಂದೇ ಇಟ್ಟುಕೊಳ್ಳಿ, ಚೆಂಡು ಅಲ್ಲೇ ಇರಬೇಕಲ್ಲ. ಆಳೆತ್ತರದ ಕಬ್ಬಿನೊಳಗೆ ನುಗ್ಗಿದ ಚೆಂಡು ಕಟಾವಿನವರೆಗೆ ಸಿಗುವುದಿಲ್ಲ. ಮದ್ದೂರಿನಲ್ಲಿ ಶಿಂಷೆಗೆ ಬಿದ್ದರೆ ಇನ್ನೂ ತೊಡಕು: ಅದು ತೇಲಿಕೊಂಡು ಮಳವಳ್ಳಿ ತಾಲ್ಲೂಕನ್ನು ಹಾದು, ಶಿಂಷಾ ಜಲಪಾತದಲ್ಲಿ ಧುಮುಕಿ, ಕಾವೇರಿ ಸೇರಿ, ಮೇಕೆದಾಟು ದಾಟಿ ಬಿಳಿಗುಂಡ್ಲು ಮಾಪನ ಕೇಂದ್ರಕ್ಕೆ ಹೋಗಿ ನಿಲ್ಲುತ್ತದೆ. ತಮಿಳುನಾಡಿಗೆ ವರ್ಷಕ್ಕೆ ಕೊಡಬೇಕಾದ 177.25 ಟಿಎಂಸಿಯಲ್ಲಿ ಈ ಚೆಂಡಿನ ಗಾತ್ರವನ್ನು ಕಳೆಯಬೇಕೋ ಕೂಡಿಸಬೇಕೋ ಎಂಬ ಬಗ್ಗೆ ತೀರ್ಪು ಮೌನವಾಗಿದೆ. ಆಟವೊಂದಕ್ಕಾಗಿ ಅಂತರರಾಜ್ಯ ವಿವಾದವನ್ನು ಮತ್ತೆ ಕೆದಕುವುದು ಜಿಲ್ಲೆಯ ಹಿತಕ್ಕೆ ಒಳ್ಳೆಯದಲ್ಲ.

ಇನ್ನು ಪೂರ್ವಪಕ್ಷ. ರಗ್ಬಿ ಪಕ್ಷದವರು ಮೈಕಟ್ಟಿನ ವಾದ ಹೂಡುತ್ತಾರೆ. ಎಂಟು ಜನ ಎಂಟು ಜನಕ್ಕೆ ಹೆಗಲು ಕೊಟ್ಟು ಬಗ್ಗಿ ತಳ್ಳುವ ಸ್ಕ್ರಮ್ಮಿಗೆ ಬೇಕಾದ ಗಿಡ್ಡ ಕಾಲು, ಅಗಲ ಬೆನ್ನು, ನೆಲಕ್ಕಂಟಿದ ನಿಲುವು ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯಲ್ಲಿ ಪ್ರಕೃತಿಸಿದ್ಧವಾಗಿದೆ. ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಲಾಳದಂತೆ ಕಾಣುವ ಆ ತಳಿಯನ್ನು ಬೆಳೆಸಿದ ನೆಲಕ್ಕೆ ರಗ್ಬಿಯೇ ಸಹಜ ಎಂಬುದು ಅವರ ಅನುಮಾನ ಪ್ರಮಾಣ. ವಾದ ಚೆನ್ನಾಗಿದೆ. ಆದರೆ ಬಂಡೂರು ಟಗರು ಎದುರಾಳಿಗೆ ಡಿಕ್ಕಿ ಕೊಡುವಾಗ ನಡುವೆ ಮೊಟ್ಟೆಯಾಕಾರದ ವಸ್ತುವೊಂದನ್ನು ಇಟ್ಟುಕೊಂಡದ್ದನ್ನು ಯಾರೂ ಕಂಡಿಲ್ಲ. ದೃಷ್ಟಾಂತ ನಮ್ಮ ಪಕ್ಷವನ್ನೇ ಪೋಷಿಸುತ್ತದೆ. ಮೇಲಾಗಿ ಸ್ಕ್ರಮ್ಮಿನಲ್ಲಿ ಹದಿನಾರು ತಲೆಗಳ ಕೆಳಗೆ, ಕಾಲ ಸಂದಿಯಲ್ಲಿ ಎಲ್ಲೋ ಇರುವ ಚೆಂಡು ತಳ್ಳುವವನಿಗೂ ಸರಿಯಾಗಿ ಕಾಣುವುದಿಲ್ಲ, ನೋಡುವವನಿಗಂತೂ ಇಲ್ಲವೇ ಇಲ್ಲ. ತೀರ್ಪುಗಾರನೇ ಮಂಡಿಯ ಮೇಲೆ ಕೈಯಿಟ್ಟು ಬಗ್ಗಿ ಹುಡುಕುತ್ತಾನೆ. ಕಾಣದ ವಸ್ತುವಿನ ಮೇಲೆ ಇಷ್ಟು ನಂಬಿಕೆ ಇಡುವುದು ಮೀಮಾಂಸೆಯ ವಿಷಯವಲ್ಲ, ವೇದಾಂತದ್ದು.

ಫುಟ್ಬಾಲ್ ಪಕ್ಷದವರು ನಾಡಿನ ಕೀರ್ತಿಯನ್ನು ಮುಂದಿಡುತ್ತಾರೆ, ಇದಕ್ಕೆ ಗೌರವದಿಂದಲೇ ಉತ್ತರಿಸಬೇಕು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತ ಹೊಡೆದ ಏಕೈಕ ಗೋಲು ಮೈಸೂರು ಸಂಸ್ಥಾನದ ಎಸ್. ರಾಮನ್ ಅವರದು. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತ್ತು, ಕಡೆಯದು 1968–69ರಲ್ಲಿ. ಐದನೆಯದಕ್ಕೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚಿನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿದ್ದು ಎಲ್ಲಿ? ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ನಮ್ಮ ಹುಡುಗರ ಆಟ ನೋಡಲು ಮರಳುಗಾಡಿಗೆ ಹೋಗಬೇಕಾದ ಕ್ರೀಡೆಯನ್ನು ನೋಡುವುದಕ್ಕೆ ಸುಲಭ ಎಂದು ಹೇಗೆ ಕರೆಯೋಣ? ಅದಕ್ಕೆ ಪ್ರತಿವಾದಿ ಹೇಳುತ್ತಾನೆ: ಮಂಡ್ಯದವರು ಕಾಯುವುದರಲ್ಲಿ ಪಳಗಿದವರು, ಕನ್ನಂಬಾಡಿ ಅಣೆಕಟ್ಟೆಯ ನೀರಿನ ಮಟ್ಟ 124.80 ಅಡಿಗೆ ಬರುವುದನ್ನು ಪತ್ರಿಕೆಯಲ್ಲಿ ದಿನಾ ಬೆಳಿಗ್ಗೆ ಸ್ಕೋರಿನ ಹಾಗೆ ನೋಡುವವರಿಗೆ ಒಂದು ಗೋಲಿಗೆ ತೊಂಬತ್ತು ನಿಮಿಷ ಕಾಯುವುದು ಕಷ್ಟವೇ? ಕಷ್ಟವಲ್ಲ, ಬೇಡ. ಮಳೆಗಾಲವಿಡೀ ಕಾದವನು ಸಂಜೆಯ ಹೊತ್ತೂ ಕಾಯಲೆಂದು ಟಿಕೆಟ್ಟು ಕೊಳ್ಳುವುದಿಲ್ಲ.

ನೋಡುವ ಸುಖದ ಬಗ್ಗೆ ಇದಕ್ಕಿಂತ ನೇರವಾದ ಪ್ರತ್ಯಕ್ಷ ಪ್ರಮಾಣವೂ ಇದೆ. 2019ರಲ್ಲಿ ಬೆಂಗಳೂರಿನ ಎರಡು ತಂಡಗಳು, ಎರಡೂ ಮುಂಬೈಯಲ್ಲೇ, ಎರಡು ತಿಂಗಳ ಅಂತರದಲ್ಲಿ ರಾಷ್ಟ್ರೀಯ ಲೀಗುಗಳನ್ನು ಗೆದ್ದವು. ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಫೈನಲಿನಲ್ಲಿ ಗುಜರಾತನ್ನು 38–33ರಿಂದ ಸೋಲಿಸಿತು: ನಲವತ್ತು ನಿಮಿಷ, ಎಪ್ಪತ್ತೊಂದು ಅಂಕ. ಮಾರ್ಚಿನಲ್ಲಿ ಬೆಂಗಳೂರು ಎಫ್‌ಸಿ ಗೋವಾವನ್ನು ಸೋಲಿಸಿ ಐಎಸ್ಎಲ್ ಗೆದ್ದಿತು: ಹೆಚ್ಚುವರಿ ಸಮಯವೂ ಸೇರಿ ನೂರಿಪ್ಪತ್ತು ನಿಮಿಷ, ಒಂದು ಗೋಲು. ಮೂರು ಪಟ್ಟು ಹೊತ್ತು ತೆಗೆದುಕೊಂಡು ಎಪ್ಪತ್ತೊಂದನೇ ಒಂದು ಭಾಗ ಕೊಡುವ ಸರಕಿಗೆ ಮಂಡ್ಯದ ಬೆಲ್ಲದ ಮಂಡಿಯಲ್ಲಿ ಯಾವ ದರ ಕೂಗುತ್ತಾರೋ ಊಹಿಸಬಹುದು.

ಅಂಕಗಳ ಮಾತು ಹಾಗಿರಲಿ, ಕಣ್ಣಿಗೆ ಬೀಳುವುದೇನು ಎಂಬುದು ಮುಖ್ಯ. ಹೊನಲು ಬೆಳಕಿನ ಪಂದ್ಯಾವಳಿ ಎಂದು ಬ್ಯಾನರು ಕಟ್ಟಿದ ಊರಬಯಲಿನಲ್ಲಿ, ಸುಣ್ಣದ ಗೆರೆಗೆ ಮೂರಡಿ ದೂರದಲ್ಲಿ ಪ್ರೇಕ್ಷಕ ಕುಕ್ಕರಗಾಲಲ್ಲಿ ಕೂತಿರುತ್ತಾನೆ. ರೈಡರ್ ಮಧ್ಯದ ಗೆರೆ ಮುಟ್ಟಿ, ನೆಲಕ್ಕೊಮ್ಮೆ ಎದೆಗೊಮ್ಮೆ ಕೈಯೊತ್ತಿ ಒಳಗೆ ಇಳಿಯುತ್ತಾನೆ. ಎದುರಿಗೆ ಏಳು ಜನ ಕೈಕೈ ಹಿಡಿದು ಸರಪಳಿಯಾಗಿ ಹಿಂದಕ್ಕೆ ಸರಿಯುತ್ತಾರೆ. ಅವನ ಬಲಗಾಲ ಹೆಬ್ಬೆರಳು ಬೋನಸ್ ಗೆರೆಯಾಚೆ ಊರಿ, ಎಡಗಾಲು ನೆಲ ಬಿಟ್ಟಿದೆಯೋ ಇಲ್ಲವೋ ಎಂಬುದನ್ನು ತೀರ್ಪುಗಾರನಿಗಿಂತ ಮೊದಲು ಸುತ್ತ ಕೂತವರು ತೀರ್ಮಾನಿಸಿರುತ್ತಾರೆ. ಮೂಲೆಯವನು ತಟಕ್ಕನೆ ಹರಡಿಗೆ ಕೈ ಹಾಕಿದ್ದೇ ತಡ ‘ಬಿಡ್ಬೇಡ ಕಣ್ಲಾ, ಬಿಡ್ಬೇಡ!’ ಎಂದು ಅರ್ಧ ಊರು, ‘ಗೆರೆ ಮುಟ್ಲಾ, ಗೆರೆ!’ ಎಂದು ಇನ್ನರ್ಧ. ಮೂವತ್ತು ಸೆಕೆಂಡಿನೊಳಗೆ ಎಲ್ಲವೂ ಮುಗಿಯುತ್ತದೆ, ದೂಳು ನೋಡುವವನ ಬಾಯಿಗೂ ಬಿದ್ದಿರುತ್ತದೆ. ರಗ್ಬಿಯವನು ಮುಂದೆ ಹೋಗಲು ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ, ಫುಟ್ಬಾಲಿನವನು ಗೋಲಿನ ಬಳಿ ಹೋದಮೇಲೆ ಅಲ್ಲೇ ನಿಂತು ಕೈ ಚೆಲ್ಲುತ್ತಾನೆ. ಕಬಡ್ಡಿಯವನ ಕೆಲಸ ಹೋಗುವುದಲ್ಲ, ಹೋಗಿ ಬರುವುದು. ಬೆಳಿಗ್ಗೆ ರೈಲಿಗೆ ಮಂಡ್ಯದಲ್ಲೋ ಮದ್ದೂರಿನಲ್ಲೋ ಹತ್ತಿ, ಬೆಂಗಳೂರು ಮುಟ್ಟಿ, ರಾತ್ರಿ ಮನೆಗೆ ವಾಪಸ್ಸಾಗುವವರು ಈ ನಿಯಮವನ್ನು ಯಾರಿಂದಲೂ ವಿವರಿಸಿಕೊಳ್ಳಬೇಕಾಗಿಲ್ಲ. ಇದಕ್ಕೆ ತತ್ತ್ವಶಾಸ್ತ್ರದ ಬೆಂಬಲವೂ ಇದೆ: ಫುಟ್ಬಾಲಿನಲ್ಲಿ ಕೆಂಪು ಕಾರ್ಡು ಕಂಡವನು ಹೋದವನೇ; ರಗ್ಬಿಯಲ್ಲಿ ಹಳದಿ ಕಾರ್ಡಿನವನಿಗೆ ಹತ್ತು ನಿಮಿಷದ ಶಿಕ್ಷೆ. ಕಬಡ್ಡಿಯಲ್ಲಿ ಔಟಾದವನು ಜೊತೆಗಾರನೊಬ್ಬ ಎದುರಾಳಿಯನ್ನು ಔಟು ಮಾಡಿದ ಕೂಡಲೇ ಎದ್ದು ಒಳಗೆ ಬರುತ್ತಾನೆ. ಒಬ್ಬನ ಕರ್ಮದಿಂದ ಇನ್ನೊಬ್ಬನಿಗೆ ಪುನರ್ಜನ್ಮ ಕೊಡಿಸುವ ಈ ಸೌಕರ್ಯವನ್ನು ನಮ್ಮ ದರ್ಶನಕಾರರೂ ಇಷ್ಟು ಧಾರಾಳವಾಗಿ ಒದಗಿಸಿರಲಿಲ್ಲ.

ಹೊಸ ಕಾಲದ ರಗ್ಬಿವಾದಿ 2025ರಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗನ್ನು ಮುಂದಿಟ್ಟು, ಬೆಂಗಳೂರಿನ ಹೆಸರಿನಲ್ಲೂ ಒಂದು ತಂಡವಿತ್ತು, ಮಂಡ್ಯಕ್ಕೆ ಬರಲು ಇನ್ನೆಷ್ಟು ದೂರ ಎಂದು ಕೇಳಬಹುದು. ಆ ಲೀಗನ್ನು ಸಾವಧಾನದಿಂದ ಪರೀಕ್ಷಿಸಿದರೆ ನಮ್ಮ ಸಿದ್ಧಾಂತಕ್ಕೆ ಅದಕ್ಕಿಂತ ದೊಡ್ಡ ಬಲ ಬೇರೆಯಿಲ್ಲ. ಅದು ಹದಿನೈದು ಜನರ ರಗ್ಬಿಯಲ್ಲ, ಸೆವೆನ್ಸ್. 2016ರಲ್ಲಿ ಒಲಿಂಪಿಕ್ಸಿಗೆ ಸೇರಿದ್ದೂ ಅದೇ. ಹದಿನೈದು ಜನ ಏಳಾಗಿದ್ದಾರೆ. ಕಬಡ್ಡಿಯಲ್ಲೂ ಏಳೇ. ಜನ, ಕಾಲ ಎರಡನ್ನೂ ದುಂದು ಮಾಡುತ್ತಿದ್ದೆವೆಂದು ಅವರಿಗೆ ಅರಿವಾಗತೊಡಗಿದೆ; ಫುಟ್ಬಾಲಿನವರೂ ಬೆಂಗಳೂರಿನ ಟರ್ಫುಗಳಲ್ಲಿ ಬಲೆ ಕಟ್ಟಿಕೊಂಡು ಐದೈದು ಜನ ಆಡುತ್ತಿದ್ದಾರೆ. ಎರಡು ಆಟಗಳೂ ಜನವನ್ನು ಇಳಿಸಿ, ಹೊತ್ತನ್ನು ಇಳಿಸಿ ಬಂದಾಗಿದೆ; ಫುಟ್ಬಾಲು ನೆಲವನ್ನೂ ಇಳಿಸಿದೆ. ಇಳಿಸಬೇಕಾದದ್ದು ಇನ್ನೊಂದೇ ವಸ್ತು. ಅದನ್ನು ಇಳಿಸಿದ ದಿನ ಶಿಷ್ಟಾಚಾರಕ್ಕಾಗಿ ಮದ್ದೂರು ವಡೆ ಕೊಟ್ಟು ಬರಮಾಡಿಕೊಳ್ಳಲು ಈ ಸೀಮೆ ಸಿದ್ಧವಿದೆ.

ಕಟ್ಟಕಡೆಯ ಆಕ್ಷೇಪ ಸ್ವಲ್ಪ ನೋಯಿಸುವಂಥದು: ಅಷ್ಟು ಪರಿಪೂರ್ಣವಾದ ಆಟದಲ್ಲಿ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಇರಾನಿನ ಕೈಲಿ ಏಕೆ ಸೋತಿತು? 1990ರಿಂದ ತಪ್ಪದೆ ಚಿನ್ನ ತರುತ್ತಿದ್ದ ಪುರುಷರು ಸೆಮಿಫೈನಲಿನಲ್ಲಿ, ಮಹಿಳೆಯರು ಫೈನಲಿನಲ್ಲಿ ಇರಾನಿಗೇ ಶರಣಾದರು. ಉತ್ತರ: ಇರಾನಿನ ಮಹಿಳಾ ತಂಡವನ್ನು ತಯಾರು ಮಾಡಿದವರು ಮಹಾರಾಷ್ಟ್ರದ ಶೈಲಜಾ ಜೈನ್, ಆದ್ದರಿಂದ ಅರ್ಧ ಚಿನ್ನ ನಮ್ಮದೇ ಲೆಕ್ಕಕ್ಕೆ ಬರುತ್ತದೆ, ಪುರುಷರ ವಿಷಯದಲ್ಲಿ ಇಂಥ ಸಮಾಧಾನ ಇಲ್ಲ, 2023ರಲ್ಲಿ ಹ್ಯಾಂಗ್‌ಝೌನಲ್ಲಿ ಇಬ್ಬರೂ ಚಿನ್ನ ಮರಳಿ ತಂದದ್ದರಿಂದ ಸಮಾಧಾನದ ಅಗತ್ಯವೂ ಈಗ ಇಲ್ಲ. ಇಷ್ಟಾದರೂ ತೃಪ್ತರಾಗದ ರಗ್ಬಿ, ಫುಟ್ಬಾಲ್ ಪಕ್ಷದ ವಿದ್ವಾಂಸರು ತಮ್ಮ ಖಂಡನೆಯನ್ನು ಲಿಖಿತವಾಗಿ ಕಳಿಸುವ ಅಗತ್ಯವಿಲ್ಲ. ಚೆಂಡನ್ನು ಹೊರಗಿಟ್ಟು, ಮಧ್ಯದ ಗೆರೆ ದಾಟಿ, ಒಂದೇ ಉಸಿರಿನಲ್ಲಿ ಆಕ್ಷೇಪ ಹೇಳಿ, ನಮ್ಮವರಲ್ಲಿ ಒಬ್ಬರನ್ನಾದರೂ ಮುಟ್ಟಿ ಹಿಂದಿರುಗಲಿ. ಅವಧಿ ಮೂವತ್ತು ಸೆಕೆಂಡು.