ಶೆಡ್ಡಿನ ಪಾಯ

ಒಂದು ಸ್ಕೂಟರಿಗೂ ಪೂರ್ವಾರ್ಜಿತವಾದ ಎರಡು ತಾಮ್ರದ ಹಂಡೆಗಳಿಗೂ ಆಶ್ರಯವಾಗಲೆಂದು, ಆಲ್ಕೊಳದ ನಮ್ಮ ಹಿತ್ತಲಿನಲ್ಲಿ ಹತ್ತಡಿ ಚೌಕದ ಶೆಡ್ಡೊಂದನ್ನು ಕಟ್ಟಿಸುವ ಸಂಕಲ್ಪವು ನನ್ನಲ್ಲಿ ಉದಿಸಿದುದು, ದೈವವಶಾತ್, ಜೂನ್ ತಿಂಗಳಿನಲ್ಲಿ. ಕಾಂಕ್ರೀಟು ಸುರಿದರೆ ಕಾರ್ಯ ಮುಗಿಯಿತೆಂದು ಭಾವಿಸಿದ್ದ ನನಗೆ, ಮೇಲ್ಮಣ್ಣನ್ನು ಬೇರುಸಮೇತ ಕೆತ್ತಿ, ಗಟ್ಟಿನೆಲ ಸಿಗುವವರೆಗೆ ಅಗೆದು, ಜಲ್ಲಿ ಹರಡಿ, ನೀರು ಚಿಮುಕಿಸಿ ದಿಮ್ಮಸು ಹೊಡೆಯಬೇಕೆಂಬ ಭೂಶಾಸ್ತ್ರವನ್ನು ಮೇಸ್ತ್ರಿಯು ಎಲೆಯಡಿಕೆ ಮೆಲ್ಲುತ್ತಲೇ ಬೋಧಿಸಿದನು. ಮೂಲೆಮಟ್ಟಕ್ಕಾಗಿ ಒಂದು ದಾರದಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತಿಟ್ಟು, ಓರೆಯಲ್ಲಿ ಸರಿಯಾಗಿ 5 ಅಡಿ ಬಂದೊಡನೆ ಅವನು ತಲೆದೂಗಿದುದನ್ನು ಕಂಡು, ಪೈಥಾಗೊರಸನ ನಿಮಿತ್ತ ಬಾಲ್ಯದಲ್ಲಿ ಬೆತ್ತದೇಟು ತಿಂದಿದ್ದ ನನ್ನ ಅಂಗೈ ಮತ್ತೊಮ್ಮೆ ಚುರುಗುಟ್ಟಿತು.

ಈಶಾನ್ಯದಲ್ಲಿ ಗುದ್ದಲಿ ಪೂಜೆಯಾಗಬೇಕೆಂದು ಪುರೋಹಿತರು. ಅಲ್ಲಿಯೇ ತನ್ನ ಮಲ್ಲಿಗೆಬಳ್ಳಿಯಿದೆಯೆಂದು ನನ್ನ ಗೃಹಿಣಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದ ನಮ್ಮ ಭಾವನವರು, "1923ರಲ್ಲಿ ಅಲ್ಲಿ ಊದುಕುಲುಮೆ ಹೊತ್ತಿಸುವಾಗಲೂ ಇಷ್ಟು ಚರ್ಚೆ ನಡೆದಿರಲಾರದು" ಎಂದರು.

ಅಂತೂ ಪಾಯ ಅಗೆದು ಮುಗಿದ ರಾತ್ರಿಯೇ ಮಲೆನಾಡಿನ ಮಳೆ ಹಿಡಿಯಿತು. ಬೆಳಗ್ಗೆ ತುಂಬಿ ತುಳುಕುತ್ತಿದ್ದ ಪಾಯವನ್ನು ನೋಡಿ ಮೇಸ್ತ್ರಿ, "ನೀರು ಎತ್ತಿ ಹಾಕಿ, ಕೆಸರು ಕೆರೆದು ತೆಗೀದೆ ಕಾಂಕ್ರೀಟು ಹಾಕೋ ಹಾಗಿಲ್ಲ ಸ್ವಾಮಿ, ದೀಪಾವಳಿ ಕಳೀಲಿ" ಎಂದು ಕೊಡೆ ಬಿಡಿಸಿಕೊಂಡು ನಡೆದನು. ಕಪ್ಪೆಗಳು ಮಾತ್ರ ಅಂದೇ ಗೃಹಪ್ರವೇಶ ಮಾಡಿದುವು.